ಚುಕ್ಕೆ ಹೋದರೆ ಹಳ್ಳಿಯೂ ಹಲ್ಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಸರಸ್ವತಿಪುರಂನಲ್ಲಿ 1996ರಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಪಿಎಚ್‌.ಡಿ. ಪ್ರಬಂಧಗಳಿಂದಲೇ ಹೊಟ್ಟೆ ತುಂಬಿದ್ದು. ಕಳೆದ ತಿಂಗಳು ಒಬ್ಬರು ಮೇಡಂ ಹಳೇ ಸಿಡಿ ತಂದರು. ಶಾಸನಗಳ ಬಗ್ಗೆ ಅವರ ತಂದೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧ. 1999ರಲ್ಲಿ ಟೈಪ್ ಮಾಡಿದವನು ನಾನೇ. ಈಗ ಪುಸ್ತಕ ಮಾಡಿಸಬೇಕಂತೆ.

ಆಗ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್‌ನ ಫೈಲು ತೆರೆಯಲೇ ಇಲ್ಲ. ಜತೆಗಿದ್ದ ಟೆಕ್ಸ್ಟ್ ಫೈಲು ತೆರೆಯಿತು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಬೆಳಗೊಳದ ಎರಡೂ ಳ ಮಾಯ. ಆ ಜಾಗದಲ್ಲಿ ತಲೆ ಮೇಲೆ ಎರಡು ಚುಕ್ಕೆ ಹೊತ್ತ ಯು ಕೂತಿತ್ತು!

ಕನ್ನಡ ಪದವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಎಲ್ ಕೆಳಗೆ ಚುಕ್ಕೆ ಇಟ್ಟರೆ ಳ, ಗೆರೆ ಎಳೆದರೆ ಹಳಗನ್ನಡದ ೞ. ಚುಕ್ಕೆ ಬಿಟ್ಟರೆ ಹಳ್ಳಿ ಹೋಗಿ ಹಲ್ಲಿ ಆಗುತ್ತದೆ. ಆಗಿನ ಫಾಂಟಿನಲ್ಲಿದ್ದದ್ದು ಅಕ್ಷರಕ್ಕೊಂದರಂತೆ ಬರೀ 256 ಮನೆ. ಮೊದಲ 128 ಇಂಗ್ಲಿಷಿಗೆ. ಉಳಿದದ್ದರಲ್ಲಿ ಫ್ರೆಂಚ್, ಜರ್ಮನ್ ಅಕ್ಷರಗಳೇ ಜಾಸ್ತಿ. ನಮ್ಮ ಚುಕ್ಕೆ ಎಲ್‌ಗೆ ಜಾಗವೇ ಇರಲಿಲ್ಲ. ಫಾಂಟ್ ಮಾಡಿದವರು 252ನೇ ಮನೆಯಲ್ಲಿದ್ದ ಜರ್ಮನ್ ಯು ಚಿತ್ರ ಅಳಿಸಿ ಅಲ್ಲಿ ಚುಕ್ಕೆ ಎಲ್ ಬರೆದಿದ್ದರು. ಕಾಗದದ ಮೇಲೆ ಚಂದ ಕಾಣುತ್ತಿತ್ತು. ಫೈಲಿನೊಳಗೆ ಮಾತ್ರ ಅದು 252, ಅಂದರೆ ಯು. ಆ ಫಾಂಟು ಈಗ ಯಾರ ಹತ್ತಿರವೂ ಇಲ್ಲ.

ಅಷ್ಟೇ ತಾನೇ ಎಂದು ಎರಡು ಚುಕ್ಕೆಯ ಯು ಇದ್ದಲ್ಲೆಲ್ಲ ಒಂದೇ ಏಟಿಗೆ ಚುಕ್ಕೆ ಎಲ್ ಮಾಡಿಬಿಟ್ಟೆ. ಎಡವಟ್ಟಾಯಿತು. ನಿಘಂಟಿನ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಪ್ರಬಂಧದಲ್ಲಿ ಬರುವ ಆ ಊರ ಹೆಸರಲ್ಲಿ ನಿಜವಾಗಿಯೂ ಎರಡು ಚುಕ್ಕೆಯ ಯು ಇದೆ. ಅಂದು ಆ ಒಂದು ಅಕ್ಷರಕ್ಕಾಗಿಯೇ ಫಾಂಟ್ ಬದಲಿಸಿದ್ದೆ. ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಗುರುತು ಉಳಿಯುವುದಿಲ್ಲ ನೋಡಿ, ಊರು 'ಟಳ್‌ಬಿಂಗನ್' ಆಗಿ ಕೂತಿತ್ತು.

ಈಗ ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಚುಕ್ಕೆ ಎಲ್‌ಗೆ ಅದರದ್ದೇ ಸಂಖ್ಯೆ ಇದೆ. ವರ್ಡ್‌ನಲ್ಲಿ ಖಾಲಿ ಜಾಗದಲ್ಲಿ 1E37 ಎಂದು ಇಂಗ್ಲಿಷಿನಲ್ಲಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಬರುತ್ತದೆ. (ಹಾಗಂತ ಯೂನಿಕೋಡ್‌ನವರೂ ತಪ್ಪು ಮಾಡದವರಲ್ಲ. ನಮ್ಮ ೞ ಅಕ್ಷರಕ್ಕೆ ಅವರ ಪಟ್ಟಿಯಲ್ಲಿ 'ಫ' ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರು ಬದಲಿಸುವ ಹಾಗಿಲ್ಲ ಎಂಬುದು ಅವರದೇ ನಿಯಮ. ಪಕ್ಕದಲ್ಲಿ ತಿದ್ದುಪಡಿ ಬರೆದು ಸುಮ್ಮನಾಗಿದ್ದಾರೆ!)

ಹೊಸ ಹುಡುಗರದ್ದು ಬೇರೆ ತಾಪತ್ರಯ. ಕೆಲವರು ಬರೀ ಎಲ್ ಹೊಡೆದು ಚುಕ್ಕೆಯನ್ನು ಬೇರೆಯಾಗಿ ಸೇರಿಸುತ್ತಾರೆ. ಕಣ್ಣಿಗೆ ಎರಡೂ ಒಂದೇ. ನಮ್ಮ 'ಕೇ' ಕೂಡ ಹಾಗೇ ಅಲ್ವಾ, ಒಟ್ಟಿಗೂ ಹಾಕಬಹುದು, 'ಕೆ' ಹಾಕಿ ದೀರ್ಘ ಬೇರೆಯಾಗಿಯೂ ಕೊಡಬಹುದು. ಎರಡೂ ಸಮ ಎನ್ನುತ್ತದೆ ಯೂನಿಕೋಡ್. ಎಲ್ಲ ಸಾಫ್ಟ್‌ವೇರೂ ಒಪ್ಪುವುದಿಲ್ಲ. ಅಂಥ ಕಡೆ ಒಂದು ರೀತಿ ಹೊಡೆದು ಹುಡುಕಿದರೆ ಇನ್ನೊಂದು ರೀತಿ ಹೊಡೆದದ್ದು ಸಿಗುವುದಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧದ ಸಾಫ್ಟ್ ಕಾಪಿ ತೆಗೆದುಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಪಿಡಿಎಫ್ ತೆರೆಯಿತು, ಅಕ್ಷರ ಕಂಡಿತು ಎಂದು ಸಹಿ ಹಾಕಬೇಡಿ. ಚುಕ್ಕೆಯಿರುವ ಒಂದು ಪದ ಕಾಪಿ ಮಾಡಿ ಬರೀ ಟೆಕ್ಸ್ಟ್ ಫೈಲಿಗೆ ಅಂಟಿಸಿ. ಅಲ್ಲೂ ಅದೇ ಅಕ್ಷರ, ಅದೇ ಚುಕ್ಕೆ ಇದ್ದರೆ ಸರಿ. ಇಲ್ಲದಿದ್ದರೆ ಟೈಪ್ ಮಾಡಿದವರ ಹತ್ತಿರ ವಾಪಸ್ ಕಳಿಸಿ, ನಾನೇ ಆಗಿದ್ದರೂ ಸರಿ. ಹಳೇ ಸಿಡಿಗಳನ್ನೂ, ಅಚ್ಚಾದ ಪ್ರತಿ ಕೈಯಲ್ಲಿರುವಾಗಲೇ ಸರಿಮಾಡಿಸಿ.

ಮೇಡಂ ಮನೆಯಲ್ಲಿ ಪುಣ್ಯಕ್ಕೆ ರಟ್ಟಿನ ಬೈಂಡಿನ ಒಂದು ಪ್ರತಿ ಉಳಿದಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಚುಕ್ಕೆ ಹಾಕುತ್ತಿದ್ದೇನೆ. 312 ಪುಟದಲ್ಲಿ 140 ಮುಗಿದಿದೆ. ಟೈಪಿಂಗ್ ಕಾಸು ಒಮ್ಮೆ ತಗೊಂಡಾಗಿದೆ, ಮತ್ತೆ ಕೇಳಲು ಮನಸ್ಸು ಬರಲಿಲ್ಲ.

– ಡಿಟಿಪಿ ಅಂಗಡಿಯವ, ಸರಸ್ವತಿಪುರಂ, ಮೈಸೂರು