ವಖಾರಿಯ ಲೆಕ್ಕ ಬರೆಯಲು ಹೊರಟ ಸೊಸೆಗೆ

ಶಿರಸಿ

ಚಿ. ಮೇಧಾಳಿಗೆ ಮಾವನ ಆಶೀರ್ವಾದಗಳು.

ಸೊಸೈಟಿಯ ಅಡಿಕೆ ವಖಾರಿಗೆ ಸಾಫ್ಟ್‌ವೇರ್ ಮಾಡಲು ಒಪ್ಪಿಕೊಂಡದ್ದು ಕೇಳಿ ಬಹಳ ಖುಷಿಯಾಯಿತು. ಯಾವುದನ್ನು ಆರಿಸಲಿ ಎಂದು ಕೇಳಿ, ಲೆಕ್ಕ ಇಡುವ ಡೇಟಾಬೇಸ್‌ಗೊಂದು, ಕಂಪ್ಯೂಟರ್ ನಡೆಸುವ ಓಎಸ್‌ಗೊಂದು (ವಿಂಡೋಸ್, ಲಿನಕ್ಸಿನಂಥದ್ದು) ಬೇರೆ ಬೇರೆ ಪಟ್ಟಿ ಕಳಿಸಿದ್ದೀಯಲ್ಲ, ಎರಡನ್ನೂ ಒಟ್ಟಿಗೇ ನೋಡಬೇಕು ಕೂಸೆ.

ಮೊದಲು ಟೆಂಡರ್ ನಡೆಯುವ ದಿನ ವಖಾರಿಯಲ್ಲಿ ನಿಂತು ನೋಡು. ಒಂದು ಕಡೆ ರಾಶಿ ಇಡಿ ಅಡಿಕೆ ತೂಗುತ್ತಿರುತ್ತಾರೆ, ಇನ್ನೊಂದು ಕಡೆ ಚಾಲಿ ಅಡಿಕೆಯ ದರ ಬರೆಯುತ್ತಿರುತ್ತಾರೆ, ಕೌಂಟರಿನಲ್ಲಿ ಬೆಳೆಗಾರರಿಗೆ ಬಿಲ್ಲು ಆಗುತ್ತಿರುತ್ತದೆ. ಡೇಟಾಬೇಸ್‌ಗಳಲ್ಲಿ ಎಸ್‌ಕ್ಯುಲೈಟ್ ನನಗೂ ಇಷ್ಟ. ಇಡೀ ಡೇಟಾಬೇಸ್ ಒಂದೇ ಫೈಲು, ಸರ್ವರ್ ಬೇಡ. ಆದರೆ ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ನಾಲ್ಕಾರು ಕಂಪ್ಯೂಟರಿನಿಂದ ತೆರೆದರೆ ಫೈಲೇ ಕೆಡುವ ಅಪಾಯವಿದೆ. ನೀನು ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಿಡಿ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಪಳಗಿದ್ದು, ಲೈಸೆನ್ಸಿಗೆ ದುಡ್ಡೂ ಇಲ್ಲ. ಮೈಎಸ್‌ಕ್ಯುಎಲ್ ಕೂಡ ನಡೆದೀತು. ಆದರೆ ವಿಂಡೋಸ್‌ನಲ್ಲಿ ಬರೆದು ಲಿನಕ್ಸಿಗೆ ಹಾಕಿದಾಗ ಟೇಬಲ್ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೇ ಪ್ರೋಗ್ರಾಂ ನಿಂತುಬಿಡುತ್ತದೆ. ಯಾವುದನ್ನೇ ಆರಿಸು, ಸರ್ವರಿನಲ್ಲಿರುವ ಓಎಸ್ ಮೇಲೆಯೇ ಟೆಸ್ಟ್ ಮಾಡು.

ಸರ್ವರಿಗೆ ಡೆಬಿಯನ್ ಲಿನಕ್ಸ್ ಸಾಕು. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡು. ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯಿಂದ ಪಡೆಯುತ್ತದೆ. 2018ರಲ್ಲಿ ಬಂದ ಅದರ 2.28ನೇ ಆವೃತ್ತಿಯಲ್ಲಿ ಆ ನಿಯಮವೇ ಬದಲಾಯಿತು. ಓಎಸ್ ಅಪ್‌ಗ್ರೇಡ್ ಮಾಡಿದರೆ ಬೇಗ ಹುಡುಕಲು ಮಾಡಿಟ್ಟ ಇಂಡೆಕ್ಸು ಮಾತ್ರ ಹಳೆಯ ಕ್ರಮದಲ್ಲೇ ಉಳಿದು, ಟೇಬಲಿನಲ್ಲಿದ್ದ ಹೆಸರೂ ಹುಡುಕಿದಾಗ ಸಿಗದೆ ಹೋಗಬಹುದು. ಸದಸ್ಯರ ಹೆಸರನ್ನು ಕನ್ನಡದಲ್ಲೇ ಇಡುವವಳು ನೀನು. ಶುರುವಿನಲ್ಲೇ ಐಸಿಯು ಎಂಬ ಬೇರೆ ಲೈಬ್ರರಿಯ ಕೊಲೇಶನ್, ಅಂದರೆ ಜೋಡಣೆಯ ನಿಯಮ, ಇಟ್ಟುಕೋ. ಆಮೇಲೂ ಓಎಸ್ ಅಪ್‌ಗ್ರೇಡ್ ಮಾಡಿದಾಗಲೆಲ್ಲ ರೀಇಂಡೆಕ್ಸ್ ಮಾಡಿ ಇಂಡೆಕ್ಸನ್ನು ಹೊಸದಾಗಿ ಕಟ್ಟಿಬಿಡು.

ಕೌಂಟರಿನಲ್ಲಿ ವಿಂಡೋಸ್ ಇರಲಿ, ಅವರ ಕೈಗೆ ಕೂತಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರಿಗೇ ಮುಗಿದಿದೆ, ಹಳೆಯ ಯಂತ್ರಗಳ ಮಾತನ್ನು ಆಡಳಿತ ಮಂಡಳಿಯ ಮುಂದೆ ಈಗಲೇ ಎತ್ತು.

ನಮ್ಮ ಮಳೆಗಾಲದ ಕರೆಂಟು ನಿನಗೆ ಗೊತ್ತೇ ಇದೆ. ಪೋಸ್ಟ್‌ಗ್ರೆಸ್‌ನ ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ವೇಗ ಬರುತ್ತದೆ ಎಂದು ಯಾರು ಹೇಳಿದರೂ ಕೇಳಬೇಡ. ಡಿಸ್ಕಿಗೆ ಬರೆದದ್ದು ಗಟ್ಟಿಯಾಯಿತೇ ಎಂದು ಕಾಯುವುದೇ ಅದರ ಕೆಲಸ, ಅದಿಲ್ಲದೆ ಕರೆಂಟು ಹೋದರೆ ಲೆಕ್ಕ ಕೆಡಬಹುದು. ಸರ್ವರಿಗೆ ಯುಪಿಎಸ್ ಬೇಕೇ ಬೇಕು. ದಿನಾ ಸಂಜೆ ಬ್ಯಾಕಪ್ ತೆಗೆ, ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ಬೆಳೆಗಾರರ ಬಾಕಿ ತಾಳೆಯಾಗುತ್ತದೆಯೇ ನೋಡು. ಅದು ಸರಿಯಾಗುವವರೆಗೆ ಕೈಬರಹದ ಖಾತೆ ಪುಸ್ತಕ ನಿಲ್ಲಿಸಲು ಅವರಿಗೆ ಹೇಳಬೇಡ.

ಇಂತಿ ನಿನ್ನ
ಮಾವ