ಅಪ್ಪಯ್ಯನವರ ನೋಟುಬುಕ್ಕು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮ ಅಪ್ಪಯ್ಯನವರ ವರ್ಷಾಂತದ ತಿಥಿಗೆ ಬಂದವರಿಗೆಲ್ಲ ಒಂದು ಸಣ್ಣ ಪುಸ್ತಕ ಕೊಡಬೇಕು, ಏನೇನು ಇರಬೇಕು ಹೇಳು ಅಂತ ನೀನು ಕೇಳಿದ್ದೆ. ನೀನು ಕಳಿಸಿದ ಕರಡು ಓದಿದೆ. ಸರಳ ಸಜ್ಜನ, ಅಜಾತಶತ್ರು, ಪರೋಪಕಾರಿ. ಎಲ್ಲವೂ ನಿಜವೇ. ಆದರೆ ಇದೇ ಮಾತನ್ನು ಹೊಸನಗರ ತಾಲೂಕಿನ ಯಾವ ಹಿರಿಯರ ಶ್ರದ್ಧಾಂಜಲಿ ಬ್ಯಾನರಿಗೂ ಅಂಟಿಸಬಹುದು. ಅಪ್ಪಯ್ಯ ಕೈ ಹಾಕಿದ ಕೆಲಸ ಹೇಗಿರುತ್ತಿತ್ತು, ಅದನ್ನು ಬರೆ. ಊರು ಅವರನ್ನು ಹಚ್ಚಿಕೊಂಡಿದ್ದು ಅದಕ್ಕೇ.

ಅಬ್ಬಿ ನೀರಿನಿಂದ, ಅಂದರೆ ಗುಡ್ಡದಿಂದ ತಾನಾಗಿ ಹರಿದು ಮನೆಗೆ ಬರುವ ನೀರಿನಿಂದ ಶುರುಮಾಡು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿನ್ನೀರು ಏರಿತಲ್ಲ, ಆಗ ನಿಮ್ಮಜ್ಜ ಮುಳುಗುವ ಮನೆಯ ಕಂಬ, ಬಾಗಿಲು, ಹೆಂಚು ಬಿಚ್ಚಿ ತಂದು ಈ ದಿಬ್ಬದ ಮೇಲೆ ಕಟ್ಟಿದರು. ಬಾವಿ ಮಾತ್ರ ಕೆಳಗೆ ತೋಟದಲ್ಲೇ ಆಯಿತು. ಅಮ್ಮ ಮದುವೆಯಾಗಿ ಬಂದ ವರ್ಷ ಕೊಡ ಹೊತ್ತು ಏರು ಹತ್ತುವುದನ್ನು ನೋಡಲಾಗದೆ ಅಪ್ಪಯ್ಯ ಗುಡ್ಡದ ಒರತೆಯಿಂದ ಅಡುಗೆಮನೆಗೆ ನೀರು ಇಳಿಸಿದರು. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಆಮೇಲೆ ಪೈಪಿನಲ್ಲಿ.

ಒರತೆಗೆ ಕಲ್ಲು ಕಟ್ಟಿ ಗುಂಡಿ ಮಾಡಿ, ಪೈಪಿನ ಬಾಯನ್ನು ತಳದಿಂದ ಒಂದು ಗೇಣು ಮೇಲಕ್ಕಿಟ್ಟಿದ್ದರು. ತಳಕ್ಕೇ ಇಟ್ಟರೆ ಕೆಸರು ಎಳೆಯುತ್ತದೆ, ತೀರಾ ಮೇಲಿಟ್ಟರೆ ಬೇಸಿಗೆಯಲ್ಲಿ ಗಾಳಿ ಎಳೆಯುತ್ತದೆ. ಬಾಯಿಗೆ ಬಟ್ಟೆ ಕಟ್ಟುತ್ತಿರಲಿಲ್ಲ, ಸುತ್ತಲೂ ತೂತು ಕೊರೆದ ಡಬ್ಬ ಹಾಕುತ್ತಿದ್ದರು. ಒಂದು ಕಡೆ ದರಗು (ಒಣಗಿದೆಲೆ) ಅಂಟಿದರೂ ಇನ್ನೊಂದು ಕಡೆಯಿಂದ ನೀರು ಹೋಗುತ್ತದೆ. ಪೈಪು ಏರಿ ಇಳಿಯುವ ಕಡೆಯಲ್ಲೆಲ್ಲ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ ನೋಡು, ಅಂಥ ಮೂರು ಜಾಗದಲ್ಲಿ ಬೆನ್ನಿಗೆ ಮೊಳೆ ಗಾತ್ರದ ತೂತು, ಅದಕ್ಕೊಂದು ಬಿದಿರಿನ ಬಿರಡೆ. ಬಿರಡೆ ಕಿತ್ತರೆ ಮೊದಲು ಬುಸ್ ಅನ್ನುತ್ತದೆ, ಆಮೇಲೆ ನೀರು ಚಿಮ್ಮುತ್ತದೆ, ಆಗ ಮತ್ತೆ ಬಡಿದು ಬರಬೇಕು. ಊರಲ್ಲಿ ಯಾರ ಮನೆ ನೀರು ನಿಂತರೂ ಅಪ್ಪಯ್ಯನ ಹೆಗಲ ಮೇಲೆ ಕತ್ತಿ, ಜೇಬಿನಲ್ಲಿ ನಾಲ್ಕು ಬಿರಡೆ.

ಎರಡನೆಯದು ಕೊಳೆ ಔಷಧಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಆಳು ಸಿಗದ ಮನೆಗಳಿಗೆ ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಅನ್ನುವ ಲೆಕ್ಕದಲ್ಲಿ, ಸರದಿ ಹಾಕಿ ಮರ ಹತ್ತುವ ಕೊನೆಗಾರನನ್ನು ಕಳಿಸುತ್ತಿದ್ದರು. ಔಷಧಿ ಕೂಡಿಸುವ ಕೆಲಸ ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ನೂರು ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ. ತುತ್ತವನ್ನು ಗೋಣಿಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ರಾತ್ರಿಯೇ ಐವತ್ತು ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣವನ್ನು ತುತ್ತ ತಿನ್ನುತ್ತದೆ. ಉಳಿದ ಐವತ್ತು ಲೀಟರಿನಲ್ಲಿ ಸುಣ್ಣ ಅರಳಿಸಿ, ಸೋಸಿ, ತಣಿದ ಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಕಲಕಬೇಕು. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ.

ಕೊನೆಗೆ ಅಪ್ಪಯ್ಯ ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಡ್ರಮ್ಮಿಗೆ ಅದ್ದಿ ನಿಲ್ಲುತ್ತಿದ್ದರು. ಎಲ್ಲರೂ ಸುಮ್ಮನೆ ಕಾಯಬೇಕು. ತೆಗೆದು ಬೆಳಕಿಗೆ ಹಿಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಹಿಂಗಾರ (ಅಡಿಕೆ ಹೂಗೊಂಚಲು), ಎಳೆಕಾಯಿ ಸುಡುತ್ತದೆ. ಇನ್ನೊಂದು ಲೋಟ ಸುಣ್ಣದ ನೀರು, ಮತ್ತೆ ಚೂರಿ. ಕೆಂಪು ಬರುವುದು ಹೆಚ್ಚಾಗಿ ಹಳೇ ಸುಣ್ಣದಿಂದ: ಗಾಳಿಗೆ ತೆರೆದಿಟ್ಟು ಪುಡಿಯಾದದ್ದಕ್ಕೆ ತೂಕ ಇರುತ್ತದೆ, ಕಸುವು ಇರುವುದಿಲ್ಲ. ಉಳಿದ ಔಷಧಿಯನ್ನು ನಾಳೆಗೆ ಇಡಲು ಬಿಡುತ್ತಿರಲಿಲ್ಲ, ಎಷ್ಟೇ ಖರ್ಚಾಗಿದ್ದರೂ ಚೆಲ್ಲಿಸುತ್ತಿದ್ದರು.

ನೀನು ಪುಸ್ತಕದಲ್ಲಿ ಫೋಟೋ ಹಾಕುವುದಾದರೆ ಸನ್ಮಾನದ ಫೋಟೋ ಒಂದು ಸಾಕು. ಉಳಿದ ಜಾಗಕ್ಕೆ ಅವರ ನೋಟುಬುಕ್ಕಿನ ಪುಟ ಹಾಕು. ಮದುವೆ, ಉಪನಯನ, ತಿಥಿ, ಊರಿನ ಯಾವ ಊಟವಿದ್ದರೂ ಅದರ ಲೆಕ್ಕ ಅಲ್ಲಿದೆ. ನೂರು ಜನಕ್ಕೆ ಅಕ್ಕಿ 12 ಕೆಜಿ, ಎರಡು ಸಿಹಿ ಇದ್ದರೆ 10 ಸಾಕು. ಪಕ್ಕದಲ್ಲೇ ಊಟ ಮುಗಿದ ಮೇಲಿನ ಷರಾ: ‘ಅನ್ನ ಉಳಿಯಿತು, ಮಳೆ, ಜನ ಕಡಿಮೆ.’ ‘ತಂಬುಳಿ ಸಾಲಲಿಲ್ಲ, ಸೆಕೆ.’ ಇನ್ನೊಂದು ಪುಟದಲ್ಲಿ ‘ಕೊನೇ ಪಂಕ್ತಿಯ ಆಳುಗಳಿಗೆ ಪಾಯಸ ಇಲ್ಲ, ನನ್ನ ತಪ್ಪು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅದಾದ ಮೇಲಿನ ಎಲ್ಲ ಲೆಕ್ಕದಲ್ಲೂ ಪಾಯಸದ ಒಂದು ಪಾತ್ರೆ ಮೊದಲೇ ಬೇರೆ ತೆಗೆದಿಡುವುದು ಬರೆದಿದೆ. ಆ ಪುಟವನ್ನು ಬಿಡಬೇಡ.

ಇನ್ನು ಹಳ್ಳ ದಾಟುವ ಕಾಲುಸಂಕ, ಮರದ ಕಿರುಸೇತುವೆ. ಶಾಲೆ ಶುರುವಾಗುವುದಕ್ಕೆ ಮುಂಚೆ, ಪ್ರತಿ ಮೇ ತಿಂಗಳು. ಹಳ್ಳ ಇಪ್ಪತ್ತು ಅಡಿ, ಮರ ಇಪ್ಪತ್ತಾರು ಅಡಿ, ಎರಡೂ ದಡದ ಮೇಲೆ ಮೂರು ಮೂರು ಅಡಿ ಕೂರಬೇಕು. ನಾಲ್ಕು ಮುದಿ ಅಡಿಕೆ ಮರ. ಎಳೆಯದಕ್ಕೆ ತಿರುಳು ಜಾಸ್ತಿ, ನಡುವೆ ಬಗ್ಗಿ ಸೀಳುತ್ತದೆ. ಬುಡ ತುದಿ ಅದಲು ಬದಲು ಮಾಡಿ ಇಡದಿದ್ದರೆ ಒಂದು ದಡದಲ್ಲಿ ಸಂಕ ಸಪೂರವಾಗುತ್ತದೆ. ತುದಿಗಳು ಕಲ್ಲಿನ ಮೇಲೆ ಕೂರಬೇಕು, ಮಣ್ಣಿಗೆ ತಾಗಿದರೆ ಒರಲೆ (ಗೆದ್ದಲು) ಹಿಡಿಯುತ್ತದೆ. ಎತ್ತರಕ್ಕೆ ಅವರ ಅಳತೆ ದಡದ ಕೇದಗೆ ಹಿಂಡಲು (ಪೊದೆ): ಹೋದ ಮಳೆಗಾಲದ ಕಸ ಎಲ್ಲಿಯವರೆಗೆ ಸಿಕ್ಕಿಕೊಂಡಿದೆಯೋ ಅದಕ್ಕಿಂತ ಎರಡು ಮೊಳ ಮೇಲೆ. ಅಡಿಗೊಂದು ಅಡ್ಡಪಟ್ಟಿ, ಎರಡೂ ಕಡೆ ಬಿದಿರಿನ ಕೈತಾಂಗು, ಅದು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ. ಹಸಿ ಮರ ಒಣಗಿ ಸೊರಗುವುದರಿಂದ ಹದಿನೈದು ದಿನಕ್ಕೆ ತಂತಿ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ಜುಲೈಯಲ್ಲಿ ಜಾರುವ ಹಾವಸೆ (ಪಾಚಿ) ಕಟ್ಟುತ್ತದೆ, ವಾರಕ್ಕೊಮ್ಮೆ ಉಜ್ಜಬೇಕು. ಒಂದು ತುದಿಯನ್ನು ದಡದ ಮರಕ್ಕೆ ಉದ್ದ ಸರಪಳಿಯಲ್ಲಿ ಕಟ್ಟಿರುತ್ತಿದ್ದರು, ನೆರೆ ಎತ್ತಿದರೂ ಸಂಕ ತಿರುಗಿ ದಡಕ್ಕೇ ಬಂದು ಮಲಗಲಿ ಅಂತ.

ಈ ವರ್ಷದ ಮರ ಕಡಿದು ದಡಕ್ಕೆ ಹಾಕಿದ್ದಾಗಿದೆ. ನಾಲ್ಕು ಆಳಿಗೆ ಒಬ್ಬ ಕಡಿಮೆ, ಎರಡು ದಿನ ರಜ ಹಾಕಿ ಬಾ. ಶಿವಮೊಗ್ಗದಲ್ಲಿ ಬಸ್ಸು ಹತ್ತುವ ಮುಂಚೆ ಕಟ್ಟುವ ತಂತಿ ಎರಡು ಕೆಜಿ ತೆಗೆದುಕೋ. ಮರಕ್ಕೆ ತೂತು ಕೊರೆಯುವ ಅಪ್ಪಯ್ಯನ ಬೈರಿಗೆ ಅಟ್ಟದ ಮೇಲೆ ಇದೆಯಂತೆ, ಅಮ್ಮ ಎಣ್ಣೆ ಹಚ್ಚಿಟ್ಟಿದ್ದಾರೆ.

ಇಂತಿ,
ನಿನ್ನ ಗೆಳೆಯ