ಓದುವ ಥ್ರೆಡ್‌ಗೂ ಲಾಕ್ ಬೇಕು

ಸಂಪಾದಕರಿಗೆ,

ಮಾನ್ಯರೇ,

ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನೊಳಗೆ ಒಂದೇ ಮೆಮೊರಿಯನ್ನು ಹಂಚಿಕೊಂಡು ನಡೆಯುವ ಕೆಲಸದ ಎಳೆಗಳು) ಏಕಕಾಲದಲ್ಲಿ ಓಡುವ ಪ್ರೋಗ್ರಾಂಗಳನ್ನು ಕುರಿತು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ ಲೇಖನವನ್ನು ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ, ಅದೂ ದಿನಪತ್ರಿಕೆಯ ಓದುಗರಿಗಾಗಿ ಬರೆಯುವುದು ಸುಲಭವಲ್ಲ. ಅದಕ್ಕಾಗಿ ಲೇಖಕರನ್ನು ಅಭಿನಂದಿಸಬೇಕು. ಆದರೆ ಹಂಚಿಕೊಂಡ ದತ್ತಾಂಶವನ್ನು ಬದಲಿಸುವ ಫಂಕ್ಷನ್‌ಗೆ (ಪ್ರೋಗ್ರಾಂನ ಒಂದು ಭಾಗಕ್ಕೆ) ಮ್ಯೂಟೆಕ್ಸ್ ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್, ಹಾಕಿದರೆ ಸಾಕು, ಬರೀ ಓದುವ ಫಂಕ್ಷನ್‌ಗೆ ಅದರ ಅಗತ್ಯವಿಲ್ಲ, ಲಾಕ್ ಬಳಸಿದಷ್ಟೂ ಪ್ರೋಗ್ರಾಂ ನಿಧಾನವಾಗುತ್ತದೆ ಎಂಬ ಮೂರು ಮಾತುಗಳು ಅದರಲ್ಲಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಹೇಳುವ ನನಗೆ ಈ ಮಾತುಗಳು ಹೊಸವಲ್ಲ. ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ಅವು ಪ್ರತಿ ವರ್ಷವೂ ಕೇಳಿಬರುತ್ತವೆ. ಪತ್ರಿಕೆಯಲ್ಲಿ ಅಚ್ಚಾದ ಮಾತನ್ನು ವಿದ್ಯಾರ್ಥಿಗಳು ಪ್ರಮಾಣವೆಂದು ಹಿಡಿಯುವ ಸಂಭವ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಸಿ ಭಾಷೆಯಲ್ಲಿ ಒಂದು ಎಣಿಕೆಗೆ ಒಂದನ್ನು ಕೂಡಿಸುವುದು ನಮ್ಮ ಕಣ್ಣಿಗೆ ಒಂದೇ ಸಾಲು. ಪ್ರೊಸೆಸರ್‌ನೊಳಗೆ ಮಾತ್ರ ಅದು ಮೂರು ಹಂತಗಳಲ್ಲಿ ನಡೆಯುತ್ತದೆ: ಮೆಮೊರಿಯಲ್ಲಿರುವ ಬೆಲೆಯನ್ನು ತರುವುದು, ಒಂದನ್ನು ಕೂಡಿಸುವುದು, ಬಂದ ಉತ್ತರವನ್ನು ಮತ್ತೆ ಮೆಮೊರಿಗೆ ಬರೆಯುವುದು. ಮೊದಲ ಥ್ರೆಡ್ 41 ಅನ್ನು ತಂದುಕೊಂಡು ಇನ್ನೂ ಏನನ್ನೂ ಬರೆಯದಿರುವಾಗಲೇ ಎರಡನೆಯ ಥ್ರೆಡ್ ಸಹ ಅದೇ 41 ಅನ್ನು ತಂದುಕೊಂಡರೆ, ಎರಡೂ 42 ಎಂದೇ ಬರೆಯುತ್ತವೆ. ಕೂಡಿಸಿದ್ದು ಎರಡು ಸಲ, ಲೆಕ್ಕಕ್ಕೆ ಬಂದದ್ದು ಒಂದೇ ಸಲ. ಎರಡು ಥ್ರೆಡ್‌ಗಳು ತಲಾ 10 ಲಕ್ಷ ಸಲ ಹೀಗೆ ಕೂಡಿಸುವ ಪ್ರೋಗ್ರಾಂ ಬರೆದು ಲಾಕ್ ಇಲ್ಲದೆ ಓಡಿಸಿದರೆ, 20 ಲಕ್ಷ ಬರಬೇಕಾದಲ್ಲಿ ಅದಕ್ಕಿಂತ ಕಡಿಮೆಯಾದ, ಓಡಿಸಿದಾಗಲೆಲ್ಲ ಬದಲಾಗುವ ಸಂಖ್ಯೆಯೊಂದು ಪರದೆಯ ಮೇಲೆ ಬರುವುದನ್ನು ಯಾರು ಬೇಕಾದರೂ ಮನೆಯ ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಆದರೆ ತಲಾ 100 ಸಲ ಮಾತ್ರ ಕೂಡಿಸಿದರೆ, ಎರಡನೆಯ ಥ್ರೆಡ್ ಶುರುವಾಗುವಷ್ಟರಲ್ಲಿ ಮೊದಲನೆಯದರ ಕೆಲಸ ಸಾಮಾನ್ಯವಾಗಿ ಮುಗಿದೇ ಹೋಗಿರುವುದರಿಂದ ಉತ್ತರ ಸರಿಯಾಗಿಯೇ ಬರುತ್ತದೆ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ, ವೇಗ ಹೆಚ್ಚಿಸಲು ಹೇಳುವ ಆಪ್ಟಿಮೈಸೇಷನ್ ಸೂಚನೆ ಕೊಟ್ಟರೆ ಅದು ಇಡೀ ಲೂಪನ್ನು (ಮತ್ತೆ ಮತ್ತೆ ಕೂಡಿಸುವ ಸುತ್ತನ್ನು) ಒಂದೇ ಕೂಡಿಕೆಯನ್ನಾಗಿ ಮಾಡಿಬಿಡಬಹುದು. ಆಗಲೂ ಬಹುತೇಕ 20 ಲಕ್ಷವೇ ಕಾಣುತ್ತದೆ. ಎರಡೂ ಸಂದರ್ಭಗಳಲ್ಲಿ ದೋಷ ಇದ್ದಲ್ಲೇ ಇದೆ. ‘ಔಟ್‌ಪುಟ್ ಸರಿಯಾಗಿ ಬಂತಲ್ಲ ಸಾರ್’ ಎನ್ನುವ ವಿದ್ಯಾರ್ಥಿಗೆ ಅಂಕ ಕಡಿಮೆ ಕೊಟ್ಟಾಗ ಅವನು ಮುಖ ಸಣ್ಣದು ಮಾಡಿಕೊಳ್ಳುವುದು ಸಹಜ, ಆದರೂ ಇಲ್ಲಿ ಔಟ್‌ಪುಟ್ ಸರಿ ಬಂದದ್ದು ಯಾವುದಕ್ಕೂ ಸಾಕ್ಷಿಯಲ್ಲ.

ಲೇಖಕರು ಮ್ಯೂಟೆಕ್ಸನ್ನು ಕೋಣೆಯ ಬಾಗಿಲಿನ ಚಿಲಕಕ್ಕೆ ಹೋಲಿಸಿದ್ದಾರೆ. ಒಳಗಿನಿಂದ ಚಿಲಕ ಹಾಕಿದರೆ ಹೊರಗಿನವರು ಬರಲಾರರು ಎಂಬುದು ಅವರ ವಿವರಣೆ. ತಪ್ಪು ತಿಳಿವಳಿಕೆಯೆಲ್ಲ ಶುರುವಾಗುವುದು ಈ ಹೋಲಿಕೆಯಿಂದಲೇ ಎಂದು ನನ್ನ ಅಭಿಪ್ರಾಯ. ಚಿಲಕ ಯಾರನ್ನೂ ಒಳಗೆ ಬಿಡುವುದಿಲ್ಲ. ಮ್ಯೂಟೆಕ್ಸ್ ತಡೆಯುವುದು ತನ್ನನ್ನು ಕೇಳಿದವರನ್ನು ಮಾತ್ರ. ಸಿ ಭಾಷೆಯಲ್ಲಿ ಥ್ರೆಡ್‌ಗಳಿಗಾಗಿ ಬಳಸುವ ಪಿಥ್ರೆಡ್ಸ್ ಲೈಬ್ರರಿಯಲ್ಲಾಗಲಿ, ಸಿ ಪ್ಲಸ್ ಪ್ಲಸ್‌ನಲ್ಲಾಗಲಿ, ಮ್ಯೂಟೆಕ್ಸ್ ಎಂಬುದು ಮೆಮೊರಿಯಲ್ಲಿರುವ ಇನ್ನೊಂದು ವೇರಿಯಬಲ್ (ಬೆಲೆ ಇಡುವ ಹೆಸರಿನ ಜಾಗ) ಅಷ್ಟೇ, ಅದು ಕಾಯಬೇಕಾದ ದತ್ತಾಂಶಕ್ಕೂ ಅದಕ್ಕೂ ಭಾಷೆಯ ಮಟ್ಟದಲ್ಲಿ ಯಾವ ನಂಟೂ ಇಲ್ಲ. ಈ ದತ್ತಾಂಶವನ್ನು ಮುಟ್ಟುವ ಮೊದಲು ಈ ಲಾಕನ್ನು ಹಿಡಿಯಬೇಕು ಎಂಬ ಒಪ್ಪಂದ ಇರುವುದು ಪ್ರೋಗ್ರಾಂ ಬರೆದವರ ತಲೆಯಲ್ಲಿ. ಹತ್ತು ಫಂಕ್ಷನ್‌ಗಳಲ್ಲಿ ಒಂಬತ್ತು ಅದನ್ನು ಪಾಲಿಸಿ ಹತ್ತನೆಯದು ಪಾಲಿಸದಿದ್ದರೆ, ಆ ಹತ್ತನೆಯದನ್ನು ಯಾರೂ ತಡೆಯುವುದಿಲ್ಲ, ಕಂಪೈಲರ್ ಎಚ್ಚರಿಸುವುದೂ ಇಲ್ಲ.

ಆ ಹತ್ತನೆಯ ಫಂಕ್ಷನ್ ಬರೀ ಓದುವಂಥದ್ದಾದರೆ ಏನು ಹಾನಿ ಎಂಬುದು ಮುಂದಿನ ಪ್ರಶ್ನೆ. ಒಂದು ಖಾತೆಯಲ್ಲಿರುವ ಮೊತ್ತವನ್ನೂ ಅದರ ಕೊನೆಯ ವ್ಯವಹಾರದ ಸಂಖ್ಯೆಯನ್ನೂ ಒಟ್ಟಿಗೆ ಇಟ್ಟುಕೊಂಡಿರುವ ದಾಖಲೆಯನ್ನು ಊಹಿಸಿಕೊಳ್ಳಿ. ಬರೆಯುವ ಥ್ರೆಡ್ ಲಾಕ್ ಹಿಡಿದು ಮೊದಲು ಮೊತ್ತವನ್ನು ಬದಲಿಸುತ್ತದೆ, ಬಳಿಕ ಸಂಖ್ಯೆಯನ್ನು ಬದಲಿಸುತ್ತದೆ. ಲಾಕ್ ಹಿಡಿಯದ ಓದುಗ ಥ್ರೆಡ್ ಈ ಎರಡರ ನಡುವೆ ಬಂದರೆ ಅದಕ್ಕೆ ಹೊಸ ಮೊತ್ತವೂ ಹಳೆಯ ಸಂಖ್ಯೆಯೂ ಸಿಗುತ್ತವೆ, ಅಂದರೆ ಯಾವ ಕಾಲದಲ್ಲೂ ನಿಜವಾಗಿರದ ಒಂದು ದಾಖಲೆ ಸಿಗುತ್ತದೆ. ಇದಲ್ಲದೆ ಕಂಪೈಲರ್ ಬೆಲೆಯೊಂದನ್ನು ಪ್ರೊಸೆಸರ್‌ನೊಳಗಿನ ರಿಜಿಸ್ಟರ್‌ನಲ್ಲೇ ಇಟ್ಟುಕೊಂಡು ಮೆಮೊರಿಯನ್ನು ಮತ್ತೆ ನೋಡದೇ ಇರಬಹುದು, ಪ್ರೊಸೆಸರ್ ಬರವಣಿಗೆಗಳ ಅನುಕ್ರಮವನ್ನು ಹಿಂದುಮುಂದಾಗಿ ತೋರಿಸಬಹುದು. ಒಂದು ಥ್ರೆಡ್ ಮ್ಯೂಟೆಕ್ಸನ್ನು ಬಿಟ್ಟುಕೊಡುವ ಮೊದಲು ಬರೆದದ್ದೆಲ್ಲವೂ, ಬಳಿಕ ಅದೇ ಮ್ಯೂಟೆಕ್ಸನ್ನು ಹಿಡಿದ ಥ್ರೆಡ್‌ಗೆ ಕಾಣಲೇಬೇಕು ಎಂಬ ಭರವಸೆ ಲಾಕ್‌ನ ಜೊತೆಗೇ ಬರುತ್ತದೆ. ಓದುವವನು ಲಾಕ್ ಹಿಡಿಯದಿದ್ದರೆ ಆ ಭರವಸೆ ಅವನಿಗೆ ಅನ್ವಯಿಸುವುದಿಲ್ಲ. ವೇರಿಯಬಲ್‌ನ ಹಿಂದೆ ವೊಲಟೈಲ್ (ಪ್ರತಿ ಸಲವೂ ಮೆಮೊರಿಯನ್ನೇ ನೋಡು ಎಂದು ಕಂಪೈಲರ್‌ಗೆ ಹೇಳುವ ಪದ) ಎಂದು ಸೇರಿಸಿದರೆ ಆಯಿತು ಎಂಬ ಸಲಹೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆಯಾದರೂ, ಸಿ ಮತ್ತು ಸಿ ಪ್ಲಸ್ ಪ್ಲಸ್‌ಗಳಲ್ಲಿ ಅದು ಈ ಕೆಲಸಕ್ಕೆ ಒದಗುವುದಿಲ್ಲ. ಒಂದೇ ಒಂದು ಎಣಿಕೆಯಾದರೆ, ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಬದಲಾಗುವ ಅಟಾಮಿಕ್ ವೇರಿಯಬಲ್ ಸಾಕು, ಓದುವುದೇ ಹೆಚ್ಚಿದ್ದಲ್ಲಿ, ಓದುವವರು ಹಲವರಿದ್ದರೂ ಒಟ್ಟಿಗೆ ಬಿಟ್ಟು, ಬರೆಯುವವನನ್ನು ಒಬ್ಬನನ್ನೇ ಬಿಡುವ ರೀಡರ್-ರೈಟರ್ ಲಾಕ್ ಇದೆ. ಏನೂ ಬೇಡ ಎನ್ನುವುದು ಮಾತ್ರ ಇವುಗಳಲ್ಲಿ ಒಂದಲ್ಲ.

ಫಂಕ್ಷನ್‌ಗೊಂದು ಲಾಕ್ ಎಂಬ ಸೂತ್ರವೂ ಹೀಗೆಯೇ ಕೈಕೊಡುತ್ತದೆ. ಖಾತೆಯಲ್ಲಿ 5,000 ರೂಪಾಯಿ ಇದೆ, ಎರಡು ಥ್ರೆಡ್‌ಗಳು ತಲಾ 4,000 ರೂಪಾಯಿ ತೆಗೆಯಲು ಬಂದಿವೆ ಎಂದಿಟ್ಟುಕೊಳ್ಳೋಣ. ಮೊತ್ತವನ್ನು ಓದುವ ಫಂಕ್ಷನ್ ಲಾಕ್ ಹಿಡಿದು ಓದಿ ಬಿಡುತ್ತದೆ, ಬರೆಯುವ ಫಂಕ್ಷನ್ ಲಾಕ್ ಹಿಡಿದು ಬರೆದು ಬಿಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ಕುಂದಿಲ್ಲ. ಆದರೆ ಎರಡು ಥ್ರೆಡ್‌ಗಳೂ ಒಂದರ ಬೆನ್ನಿಗೆ ಇನ್ನೊಂದು 5,000 ಎಂದು ಓದಿಕೊಂಡು, ಹಣ ಸಾಕಷ್ಟಿದೆ ಎಂದು ತೀರ್ಮಾನಿಸಿ, ಎರಡೂ 1,000 ಎಂದು ಬರೆದರೆ, ಕೈಗೆ ಹೋದದ್ದು 8,000, ಖಾತೆಯಲ್ಲಿ ಉಳಿದದ್ದು 1,000. ಓದಿದ್ದು, ತೀರ್ಮಾನಿಸಿದ್ದು, ಬರೆದದ್ದು ಈ ಮೂರೂ ಒಂದೇ ಹಿಡಿತದೊಳಗೆ ನಡೆಯಬೇಕಿತ್ತು. ಯಾವ ಯಾವ ಬೆಲೆಗಳು ಪರಸ್ಪರ ಹೊಂದಿಕೊಂಡಿರಬೇಕು, ಅವು ಹೊಂದಿಕೆ ತಪ್ಪಿರುವ ಅವಧಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಗುರುತಿಸಿದ ಮೇಲೆಯೇ ಲಾಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವಾಗ ಎರಡು ಲಾಕ್ ಬೇಕಾಗುತ್ತದೆ. ಆಗ ಒಂದು ಥ್ರೆಡ್ ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ, ಇನ್ನೊಂದು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಾ ಕುಳಿತರೆ ಡೆಡ್‌ಲಾಕ್. ಖಾತೆ ಸಂಖ್ಯೆ ಚಿಕ್ಕದಿರುವ ಲಾಕನ್ನೇ ಯಾವಾಗಲೂ ಮೊದಲು ಹಿಡಿಯಬೇಕು ಎಂಬ ಒಂದು ನಿಯಮವನ್ನು ಎಲ್ಲರೂ ಪಾಲಿಸಿದರೆ ಆ ಸಿಕ್ಕು ಬೀಳುವುದೇ ಇಲ್ಲ.

ಇದೆಲ್ಲ ತರಗತಿಯ ಲೆಕ್ಕಾಚಾರವೆಂದು ಭಾವಿಸುವವರು 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದದ್ದನ್ನು ನೆನಪಿಸಿಕೊಳ್ಳಬೇಕು. ವಿದ್ಯುತ್ ತಂತಿಗಳು ಮರಗಳಿಗೆ ತಾಗಿದ್ದು ಅದರ ಆರಂಭ. ಆದರೆ ಓಹಾಯೊದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಅದು ತಿಳಿಯಬೇಕಾದ ಹೊತ್ತಿನಲ್ಲಿ ಅಲಾರಂ ವ್ಯವಸ್ಥೆಯೇ ಸದ್ದಿಲ್ಲದೆ ನಿಂತುಹೋಗಿತ್ತು, ನಿಂತುಹೋಗಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಎಕ್ಸ್‌ಎ/21 ಎಂಬ ಆ ತಂತ್ರಾಂಶವನ್ನು ವಾರಗಟ್ಟಲೆ ಜಾಲಾಡಿದ ಮೇಲೆ ಹೊರಬಿದ್ದದ್ದು, ಕೋಡ್‌ನಲ್ಲಿದ್ದ ದೋಷದಿಂದಾಗಿ ಎರಡು ಪ್ರಕ್ರಿಯೆಗಳು ಒಂದೇ ದತ್ತಾಂಶ ರಚನೆಗೆ ಏಕಕಾಲದಲ್ಲಿ ಬರೆಯಲು ಸಾಧ್ಯವಾಗಿತ್ತು ಎಂಬ ಸಂಗತಿ. ಅವಕಾಶವಿದ್ದದ್ದು ಕೆಲವೇ ಮಿಲಿಸೆಕೆಂಡುಗಳಷ್ಟು. ಕೆಟ್ಟುಹೋದ ಆ ರಚನೆಯಿಂದಾಗಿ ಅಲಾರಂ ಪ್ರೋಗ್ರಾಂ ಕೊನೆಯಿಲ್ಲದ ಲೂಪಿಗೆ ಬಿತ್ತು, ಬಾಕಿ ಉಳಿದ ಸಂದೇಶಗಳು ರಾಶಿಬಿದ್ದು ಮೊದಲು ಮುಖ್ಯ ಸರ್ವರ್, ಬಳಿಕ ಬದಲಿ ಸರ್ವರ್ ನೆಲಕಚ್ಚಿದವು. ಅದಕ್ಕೂ ಮೊದಲು ಆ ತಂತ್ರಾಂಶ ಬೇರೆ ಬೇರೆ ಕಡೆ ಒಟ್ಟು ಸುಮಾರು 30 ಲಕ್ಷ ಗಂಟೆ ಓಡಿದ್ದರೂ ಈ ದೋಷ ತಲೆ ಎತ್ತಿರಲಿಲ್ಲ ಎಂದು ತಯಾರಕರೇ ಹೇಳಿದ್ದರು. ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಮಾತಿನ ತೂಕ ಇಂಥ ದೋಷಗಳ ಮುಂದೆ ಎಷ್ಟೆಂದು ಇದರಿಂದ ಗೊತ್ತಾಗುತ್ತದೆ.

ಲಾಕನ್ನು ಸರಿಯಾಗಿ ಹಿಡಿದು ಬಿಟ್ಟರೂ ತೊಡಕು ಬರಬಹುದು ಎಂಬುದಕ್ಕೆ 1997ರ ಜುಲೈ 4ರಂದು ಮಂಗಳಕ್ಕೆ ಇಳಿದ ಪಾತ್‌ಫೈಂಡರ್ ನೌಕೆ ಸಾಕ್ಷಿ. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಮ್ಯೂಟೆಕ್ಸ್ ಹಿಡಿದಿರುವಾಗಲೇ ಮಧ್ಯಮ ಆದ್ಯತೆಯ ಟಾಸ್ಕ್‌ಗಳು ಪ್ರೊಸೆಸರನ್ನು ಕಸಿದುಕೊಂಡವು. ಅದೇ ಮ್ಯೂಟೆಕ್ಸ್‌ಗಾಗಿ ಕಾಯುತ್ತಿದ್ದ ಹೆಚ್ಚು ಆದ್ಯತೆಯ ಟಾಸ್ಕ್ ಗಡುವು ತಪ್ಪಿಸಿತು, ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಯಿತು. ವಿಎಕ್ಸ್‌ವರ್ಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಆ ಮ್ಯೂಟೆಕ್ಸ್‌ಗೆ ಆದ್ಯತೆಯ ಆನುವಂಶಿಕತೆ (ಲಾಕ್ ಹಿಡಿದ ಟಾಸ್ಕ್‌ಗೆ, ಅದಕ್ಕಾಗಿ ಕಾಯುವ ಟಾಸ್ಕ್‌ನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವುದು) ಎಂಬ ಆಯ್ಕೆ ಮೊದಲೇ ಇತ್ತು, ಚಾಲೂ ಆಗಿರಲಿಲ್ಲ. ಭೂಮಿಯಿಂದಲೇ ಅದನ್ನು ಚಾಲೂ ಮಾಡಿದ ಮೇಲೆ ತೊಂದರೆ ನಿಂತಿತು.

ಇನ್ನು ನಿಧಾನವಾಗುವ ಮಾತು. ಲಿನಕ್ಸ್‌ನಲ್ಲಿ ಬೇರೆ ಯಾರೂ ಹಿಡಿದಿರದ ಮ್ಯೂಟೆಕ್ಸನ್ನು ಹಿಡಿಯಲು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ವರೆಗೆ ಹೋಗಬೇಕಾಗಿಲ್ಲ, ಫ್ಯೂಟೆಕ್ಸ್ ವ್ಯವಸ್ಥೆಯಿಂದಾಗಿ ಒಂದು ಅಟಾಮಿಕ್ ಸೂಚನೆಯಲ್ಲೇ ಅದು ಮುಗಿಯುತ್ತದೆ. ಸಮಯ ಹೋಗುವುದು ಹಲವರು ಒಂದೇ ಲಾಕ್‌ಗೆ ಮುಗಿಬಿದ್ದಾಗ, ಅದಕ್ಕಿಂತ ಹೆಚ್ಚಾಗಿ, ಲಾಕ್ ಹಿಡಿದುಕೊಂಡೇ ಡಿಸ್ಕ್‌ಗೆ ಬರೆಯುವ ಅಥವಾ ನೆಟ್‌ವರ್ಕ್ ಉತ್ತರಕ್ಕೆ ಕಾಯುವ ಕೋಡ್ ಬರೆದಾಗ. ಬೇಕಾದ ಬೆಲೆಯನ್ನು ಲಾಕ್‌ನೊಳಗೆ ನಕಲು ಮಾಡಿಕೊಂಡು, ಲಾಕ್ ಬಿಟ್ಟು, ಆಮೇಲೆ ಆ ಕೆಲಸಕ್ಕೆ ಕೈಹಾಕಿದರೆ ಈ ದೂರಿನ ಬಹುಪಾಲು ಇಲ್ಲವಾಗುತ್ತದೆ. ತಪ್ಪು ಉತ್ತರವನ್ನು ಬೇಗ ಕೊಡುವ ಪ್ರೋಗ್ರಾಂ ಯಾರಿಗೆ ಬೇಕು ಎಂಬುದನ್ನು ಲೇಖಕರು ಹೇಳಿಲ್ಲ.

ಭಾಷೆಗಳು ಈಗ ಸ್ವಲ್ಪ ನೆರವಿಗೆ ಬಂದಿವೆ. 2011ರ ಸಿ ಪ್ಲಸ್ ಪ್ಲಸ್‌ನಲ್ಲಿ ಬಂದ ಲಾಕ್ ಗಾರ್ಡ್, ಫಂಕ್ಷನ್ ಮಧ್ಯದಲ್ಲೇ ಹಿಂತಿರುಗಿದರೂ ಲಾಕನ್ನು ತಾನೇ ಬಿಡುಗಡೆ ಮಾಡುತ್ತದೆ. ರಸ್ಟ್ ಭಾಷೆಯಲ್ಲಿ ದತ್ತಾಂಶವನ್ನು ಮ್ಯೂಟೆಕ್ಸ್‌ನ ಒಳಗೇ ಇಡುವುದರಿಂದ ಲಾಕ್ ಹಿಡಿಯದೆ ಅದನ್ನು ಮುಟ್ಟುವ ಕೋಡ್ ಕಂಪೈಲ್ ಆಗುವುದೇ ಇಲ್ಲ, ಹಾಗಾಗಿ ಮೇಲೆ ಹೇಳಿದ ಹತ್ತನೆಯ ಫಂಕ್ಷನ್‌ನ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ. ಆದರೆ ಖಾತೆಯ ಉದಾಹರಣೆಯಲ್ಲಿ ಕಂಡಂತೆ ಲಾಕನ್ನು ನಡುವೆಯೇ ಬಿಟ್ಟು ಮತ್ತೆ ಹಿಡಿಯುವ ತಪ್ಪನ್ನು ರಸ್ಟ್ ಕೂಡ ತಡೆಯಲಾರದು.

ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು, ಹಂಚಿಕೊಂಡದ್ದನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಮಾಡುವ ಈ ಸಮಸ್ಯೆಗೆ ಪರಿಹಾರವೊಂದನ್ನು ಪ್ರಕಟಿಸಿದ್ದು 1965ರಲ್ಲಿ. ಇಷ್ಟು ವರ್ಷಗಳ ಬಳಿಕವೂ ನಮ್ಮ ಲ್ಯಾಬ್‌ಗಳಲ್ಲಿ ಉತ್ಪಾದಕ-ಗ್ರಾಹಕ ಪ್ರೋಗ್ರಾಂ (ಒಂದು ಥ್ರೆಡ್ ತಯಾರಿಸಿದ್ದನ್ನು ಇನ್ನೊಂದು ಬಳಸುವ ಪಠ್ಯದ ಉದಾಹರಣೆ) ಅನ್ನು ಉರುಹೊಡೆದು ಬರೆದು, ಒಮ್ಮೆ ಓಡಿಸಿ, ಔಟ್‌ಪುಟ್ ತೋರಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಬಹಳ ಕಡೆ ಉಳಿದಿದೆ. ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಪ್ರತಿ ಮ್ಯೂಟೆಕ್ಸ್ ಘೋಷಣೆಯ ಪಕ್ಕದಲ್ಲಿ ಅದು ಯಾವ ಯಾವ ವೇರಿಯಬಲ್‌ಗಳನ್ನು ಕಾಯುತ್ತದೆ ಎಂದು ಒಂದು ಸಾಲಿನ ಕಾಮೆಂಟ್ ಬರೆಯುವುದನ್ನು ಕಡ್ಡಾಯ ಮಾಡಲಿ. ಆ ಸಾಲನ್ನು ಬರೆಯಲಾಗದ ವಿದ್ಯಾರ್ಥಿಗೆ ಲಾಕ್ ಯಾಕೆ ಹಾಕಿದೆನೆಂಬುದು ತಿಳಿದಿಲ್ಲವೆಂದೇ ಅರ್ಥ. ಅದರ ಜೊತೆಗೆ, ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ಉಚಿತವಾಗಿ ಸಿಗುವ, ಇಂಥ ದೋಷಗಳನ್ನು ಪ್ರೋಗ್ರಾಂ ಓಡುವಾಗಲೇ ಹುಡುಕುವ ಥ್ರೆಡ್ ಸ್ಯಾನಿಟೈಜರ್ ಸೇರಿಸಿ ಪ್ರೋಗ್ರಾಂ ಅನ್ನು ಓಡಿಸಿ, ಅದು ಕೊಡುವ ವರದಿಯನ್ನು ಔಟ್‌ಪುಟ್‌ನ ಜೊತೆ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಲಿ. ಲಾಕ್ ಹಿಡಿಯದೆ ಓದಿದ ಸಾಲನ್ನು ಆ ವರದಿ ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ, ಅಂತಿಮ ಉತ್ತರ 20 ಲಕ್ಷವೇ ಬಂದಿದ್ದರೂ ಸಹ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕ, ಹಾಸನ